ಹಸಿವಿಲ್ಲದ ಉಪವಾಸ

ನಮ್ಮ ಸೋದರತ್ತೆಯಂಥ ಭಕ್ತೆ ಗದಗ-ಬೆಟಗೇರಿಯಲ್ಲೇ ಇನ್ನೊಬ್ಬಳಿಲ್ಲ. ವಾರಕ್ಕೆ ಐದು ಉಪವಾಸ! ಆದರೆ ದೇವರೇ, ಮೋಸ ಹೋಗಬೇಡಪ್ಪ. ಆ ಉಪವಾಸದಲ್ಲಿ ಹಸಿವೇ ಇರಲಿಲ್ಲ!

ಸಕ್ಕರೆ ಕಾಯಿಲೆಗೂ ತೂಕಕ್ಕೂ ಸೇರಿಸಿ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಕೊಟ್ಟರು. ಹಸಿವು ಸತ್ತಿತು. ಅಲ್ಲಿಯವರೆಗೆ ಸೋಮವಾರದ ಒಂದೇ ಉಪವಾಸವನ್ನು ಮಧ್ಯಾಹ್ನದೊಳಗೆ ಶೇಂಗಾ ಉಂಡೆ ತಿಂದು ಮುರಿಯುತ್ತಿದ್ದ ಅತ್ತೆ, "ಹೆಂಗೂ ಹಸಿವಿಲ್ಲ, ಪುಣ್ಯಾನಾರ ಬರ್ಲಿ" ಎಂದು ವಾರದಲ್ಲಿ ಇನ್ನೂ ನಾಲ್ಕು ದಿನ ಉಪವಾಸ ಹಿಡಿದಳು.

"ಹಸಿವಿಲ್ಲಂದ್ರೂ ಉಣ್ಣಬೇಕ್ರಿ ಅವ್ವಾರ" ಎಂದು ಡಾಕ್ಟರು ಬಡಿದುಕೊಂಡಿದ್ದರು. "ಮೊದಲ ಕಾಳು, ಮೊಸರು. ಆಮ್ಯಾಲೆ ರೊಟ್ಟಿ. ದಿನಾ ಕುರ್ಚಿಯಿಂದ ಹತ್ತ ಸಲ ಎದ್ದು ಕುಂಡ್ರಬೇಕು. ಇಲ್ಲಾಂದ್ರ ಕೊಬ್ಬಿನ ಜೋಡಿ ಖಂಡಾನೂ ಕರಗಿ ಕಸುವು ಹೋಕ್ಕೈತಿ."

ಕೇಳಿದಳೇ? ಬಳೆಗಳು ಮೊಳಕೈವರೆಗೆ ಜಾರುವುದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು! ನನಗೆ ಮೈ ಉರಿಯುತ್ತಿತ್ತು.

ಒಂದು ಬುಧವಾರ ಶಿರಹಟ್ಟಿ ಮಠಕ್ಕೆ ಹೋದೆವು. ಪ್ರಸಾದದ ಪಂಕ್ತಿಯಲ್ಲಿ ಎರಡು ತುತ್ತು ಉಂಡು, ಕಾಳಿನ ಪಲ್ಯವನ್ನು ನನ್ನ ಎಲೆಗೆ ತಳ್ಳಿದಳು. ಎಲ್ಲರೂ ಎದ್ದರು. ಅತ್ತೆ ಏಳಲಿಲ್ಲ.

"ಮಠದ ಅಜ್ಜಾರ ಸನ್ನಿಧಿ ಬಿಟ್ಟು ಏಳಾಕ ಮನಸ ಬರವಲ್ದು."

ಮನಸ್ಸಂತೆ! ಬಾರದೆ ಇದ್ದದ್ದು ತೊಡೆಗೆ ಕಸುವು! ಇಬ್ಬರು ಹೆಂಗಸರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಸುತ್ತಲಿನವರು ಅದನ್ನೂ ಭಕ್ತಿಯೆಂದೇ ತಿಳಿದು ಕೈ ಮುಗಿದರು. ಸಿಟ್ಟಿಗೆ ನಾನು ಬಸ್ಸಿನಲ್ಲಿ ಅವಳನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಖರೆ ಹೇಳಬೇಕೆಂದರೆ, ಹೆದರಿದ್ದೆ. ಇನ್ನೊಂದು ತಿಂಗಳು ಹೀಗೇ ಹೋದರೆ ಅತ್ತೆ ಹಾಸಿಗೆ ಹಿಡಿಯುತ್ತಾಳೆ.

ಮರುದಿನ ಗುರುವಾರ. ಅವಳು ತಾಟು ಸರಿಸಿದಳು. ನಾನೂ ನನ್ನದನ್ನು ಸರಿಸಿದೆ.

"ಇವತ್ತಿಂದ ನಂದೂ ಉಪವಾಸ."

"ಹುಚ್ಚ ಹಿಡದೈತೇನಲೇ? ದುಡಿಯೋ ಮೈ, ಹಸದು ಸಾಯ್ತಿ!"

"ನೀ ಸಾಯೂದು ನಾ ನೋಡಬೇಕು, ನಾ ಸಾಯೂದು ನೀ ನೋಡಬಾರದೇನತ್ತಿ?"

ಅತ್ತೆ ಜೀವಮಾನದಲ್ಲಿ ಒಬ್ಬರನ್ನೂ ಹಸಿದು ಏಳಗೊಟ್ಟವಳಲ್ಲ. ನನ್ನ ಏಳು ತಲೆಮಾರು ಬೈಯುತ್ತ (ಅವಳದೂ ಅದೇ ತಲೆಮಾರು!) ಒಂದು ಬಟ್ಟಲು ಮಡಿಕೆ ಕಾಳು ನುಂಗಿದಳು. ಅಂದಿನಿಂದ ಅವಳು ಹತ್ತು ಸಲ ಎದ್ದು ಕೂತು, ಕಾಳು ಉಣ್ಣುವವರೆಗೆ ನಾನು ತುತ್ತು ಎತ್ತುವುದಿಲ್ಲ. ದಿನಾ ಜಗಳ, ದಿನಾ ಬೈಗುಳ. ಮೂರು ತಿಂಗಳಾಯಿತು.

ನಿನ್ನೆ ಅತ್ತೆ ಊಟ ಮುಗಿಸಿ ನೆಲದಿಂದ ಏಳುವಾಗ ಕೈ ಕೊಡಲು ಹೋದೆ.

"ಸರಿ ಆ ಕಡಿ!"

ಒಂದು ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಗೋಡೆಯನ್ನೂ ಮುಟ್ಟದೆ ಎದ್ದು ನಿಂತಳು. ನಿಂತವಳೇ ಒಳಗೆ ಹೋಗಿ, ಇನ್ನೊಂದು ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿದಳು.

ನನಗೆ ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಆದರೂ ತಾಟನ್ನು ಹತ್ತಿರ ಎಳೆದುಕೊಂಡೆ. ಪೂರ್ತಿ ತಿಂದೆ.