ಬ್ರೆಡ್ಡಿನ ಬೆನ್ನು ಹತ್ತಿ

ಮಾತು ಕೊಡುವುದರಲ್ಲಿ ನನ್ನಷ್ಟು ಧಾರಾಳಿ ನಮ್ಮ ಮನೆತನದಲ್ಲಿ ಇನ್ನೊಬ್ಬರಿಲ್ಲ. ಕೆಲವರು ಪ್ರೀತಿಗೆ ಮಾತು ಕೊಡುತ್ತಾರೆ, ಕೆಲವರು ದಾಕ್ಷಿಣ್ಯಕ್ಕೆ. ನಾನು ಕೊಡುವುದು ಆ ಕೆಲಸದ ಗಂಧಗಾಳಿಯೂ ಇಲ್ಲದವನ ಧೈರ್ಯದಿಂದ. ಮಾಡಿ ಗೊತ್ತಿಲ್ಲದ ಕೆಲಸಗಳೆಲ್ಲ ನನಗೆ ಬಹಳ ಸುಲಭವಾಗಿ ಕಾಣುತ್ತವೆ. ಒಮ್ಮೆ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಒಂದು ಕೈಯಲ್ಲಿ ಗಾಳಿ ಹಾಕುತ್ತಲೇ ಇನ್ನೊಂದು ಕೈಯಲ್ಲಿ ಸ್ವರ ಒತ್ತಬೇಕು ಎಂಬುದು ವೇದಿಕೆಯ ಮೇಲೆ ಕುಳಿತ ಮೇಲಷ್ಟೇ ನನ್ನ ಗಮನಕ್ಕೆ ಬಂತು. ಮಕ್ಕಳು ಹಾಡನ್ನು ತಾವೇ ಮುಗಿಸಿಕೊಂಡರು. ನಾನು ಕೊನೆಯವರೆಗೂ ನಿಷ್ಠೆಯಿಂದ ಗಾಳಿ ಹಾಕಿದೆ.

ಬ್ರೆಡ್ಡಿನ ವಿಷಯದಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಹೆಂಡತಿ ಶಾಂತಾ ತಾಂಬಾದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಎಂಟರ ಬಸ್ಸಿಗೆ ಅವಳು ಹೊರಡಬೇಕು, ಅಷ್ಟರೊಳಗೆ ರೊಟ್ಟಿ ಬಡಿದು ಇಬ್ಬರ ಡಬ್ಬಿ ಕಟ್ಟಬೇಕು. ಇಪ್ಪತ್ತೆರಡು ವರ್ಷ ಹೀಗೆ ಬಡಿದ ಬಲಗೈ ಈ ವರ್ಷ ಮುಷ್ಕರ ಹೂಡಿತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಾವು, ಸೀಮೆಸುಣ್ಣ ಹಿಡಿದರೂ ನೋವು. ಡಾಕ್ಟರು ಕೈಗೆ ಪಟ್ಟಿ ಸುತ್ತಿ, “ಅಕ್ಕೋರ, ಆರು ತಿಂಗಳು ರೊಟ್ಟಿ ಬಡಿಯೂದು ಬಂದ್ ಮಾಡ್ರಿ,” ಎಂದರು. ಜೊತೆಗೆ ಸುಮ್ಮನೆ ಹೋಗಿದ್ದ ನನ್ನನ್ನೂ ಬಿಡದೆ ರಕ್ತ ತೆಗೆಸಿ, “ನಿಮ್ದೂ ಸಕ್ಕರಿ ಗಡಿ ಮ್ಯಾಲ ಐತಿ ಸರ್. ಮೈದಾ ಮುಟ್ಟಬ್ಯಾಡ್ರಿ, ಸಿಹಿ ನೋಡಬ್ಯಾಡ್ರಿ,” ಎಂದು ಎಚ್ಚರಿಸಿದರು.

ಮನೆ ಮುಟ್ಟುವ ಮೊದಲೇ ನಾನು ಮಾತು ಕೊಟ್ಟುಬಿಟ್ಟೆ. “ಇನ್ನ ಡಬ್ಬಿ ಚಿಂತಿ ನಂದು. ಸ್ಯಾಂಡ್‌ವಿಚ್ ಮಾಡ್ತೇನಿ. ಎರಡು ತುಂಡು ಬ್ರೆಡ್, ನಡುವ ಸೌತಿಕಾಯಿ, ಶೇಂಗಾ ಹಿಂಡಿ. ಐದು ನಿಮಿಷದ ಕೆಲಸ. ಮನ್ಯಾಗ ಉಣ್ಣಾಕ ಯಾರ ಕಡಿಂದರ ರೊಟ್ಟಿ ತರಸೂಣು.”

“ನಿಮಗ ಹೊರಗಿನ ರೊಟ್ಟಿ ಸೇರೂದಿಲ್ಲಲ್ರಿ?” ಎಂದಳು ಶಾಂತಾ.

“ಸೇರ್ತಾವ ಬಿಡ,” ಎಂದೆ.

ಪಕ್ಕದ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳಿಂದ ಎರಡು ದಿನ ರೊಟ್ಟಿ ಬಂತು. ಒಳ್ಳೆಯ ಬ್ರೆಡ್ ಸಿಗುವತನಕ ಡಬ್ಬಿಗೂ ಅದೇ. ಎರಡೂ ದಿನ ಅರ್ಧ ಬಿಟ್ಟೆದ್ದೆ. ಮೂರನೆಯ ದಿನದಿಂದ ರೊಟ್ಟಿ ಬಹಳ ಸುಧಾರಿಸಿತು. “ನೋಡಿದೇನು, ಆಕಿ ಈಗ ಎಷ್ಟ ಚಲೋ ಮಾಡಾಕತ್ತಾಳ!” ಎಂದು ಇನ್ನೊಂದು ಹಾಕಿಸಿಕೊಂಡೆ. ಶಾಂತಾ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನಾನು ಹೇಳಿದ್ದು ಸರಿ ಎಂದೇ ಇಷ್ಟು ವರ್ಷ ತಿಳಿದುಕೊಂಡು ಬಂದವನು ನಾನು.

ಬ್ರೆಡ್ ಹುಡುಕುವುದು ನಮ್ಮ ಕಡೆ ಎಂಥ ಕಷ್ಟದ ಕೆಲಸ ಎಂಬುದು ಮೊದಲನೆಯ ದಿನವೇ ಗೊತ್ತಾಯಿತು. ಮನೆ ಹತ್ತಿರದ ಬೇಕರಿಯಲ್ಲಿ ಬ್ರೆಡ್ ಕೇಳಿದೊಡನೆ ಅಂಗಡಿಯವನ ಮುಖ ಸಪ್ಪಗಾಯಿತು. “ಯಾರಿಗಿ ಆರಾಮಿಲ್ರಿ ಸರ್?” ಎಂದ. ಎಲ್ಲರೂ ಆರಾಮಿದ್ದೇವೆ ಎಂದೆ. “ಮತ್ತ ಬ್ರೆಡ್ ಯಾಕ್ರಿ?” ಎಂದವನು, ನಾನು ಸತ್ಯ ಮುಚ್ಚಿಡುತ್ತಿದ್ದೇನೆಂದು ತಿಳಿದು, “ಬಿಸ್ಕೀಟ್ ಪುಡಾನೂ ಒಯ್ರಿ, ದವಾಖಾನಿಗೆ ಬೇಕಾಗ್ತಾವ,” ಎಂದು ಅದನ್ನೂ ಚೀಲಕ್ಕೆ ಹಾಕಿದ. ನಾನು ಬ್ರೆಡ್ ಹಿಡಿದು ಓಣಿಯಲ್ಲಿ ನಡೆದುಬಂದದ್ದನ್ನು ಕಂಡ ಎದುರುಮನೆಯ ಗಂಗಕ್ಕ, ಅರ್ಧ ತಾಸಿನಲ್ಲಿ ಮೆತ್ತನೆಯ ಅನ್ನ, ತಿಳಿಸಾರು ತಂದಳು. ಬ್ರೆಡ್ಡೋ, ಕಚ್ಚಿದರೆ ಬಾಯ್ತುಂಬ ಸಕ್ಕರೆ. ಅದರ ಜೊತೆ ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ ಸೇರಿದಾಗ ಹುಟ್ಟಿದ ರುಚಿಗೆ ಹೆಸರಿಲ್ಲ. ಆ ಹೊತ್ತು ನಾವಿಬ್ಬರೂ ಗಂಗಕ್ಕನ ಸಾರನ್ನವನ್ನೇ ಉಂಡೆವು.

ಆಮೇಲೆ ಕಂದು ಬಣ್ಣದ ಬ್ರೆಡ್ ತಂದೆ. ಹೊದಿಕೆಯ ಮೇಲೆ ಗೋಧಿ ತೆನೆಯ ಚಿತ್ರವಿತ್ತು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಕೊನೆಗೆ ಬಣ್ಣ. ಗೋಧಿ ಚಿತ್ರದಲ್ಲಷ್ಟೇ ಉಳಿದಿತ್ತು. ಒಂದು ತುಂಡನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಬೀಕರಿನ ನೀರಿನಲ್ಲಿ ಮುಳುಗಿಸಿ ಮಕ್ಕಳಿಗೆ ತೋರಿಸಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತು. “ಇದರಿಂದ ಏನು ತಿಳಿಯುತ್ತದೆ?” ಎಂದು ಕೇಳಿದ್ದಕ್ಕೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನಿಮ್ಮ ಮನ್ಯಾಗ ಅಕ್ಕೋರು ಅಡಗಿ ಮಾಡೂದ ಬಿಟ್ಟಾರ,” ಎಂದಳು.

ಮುದ್ದೇಬಿಹಾಳಕ್ಕೆ ನೆಂಟರ ನಿಶ್ಚಯಕ್ಕೆ ಹೋದಾಗ ಊಟವಾದ ಮೇಲೆ ಮೆಲ್ಲಗೆ ಜಾರಿ ಎರಡು ಬೇಕರಿ ನೋಡಿಬಂದೆ. ಒಂದರಲ್ಲಿ ಬ್ರೆಡ್ಡಿನೊಳಗೆ ಕೆಂಪು ಹಸಿರು ಚೆರ್ರಿ ತುಂಡುಗಳಿದ್ದವು. ಇನ್ನೊಂದರಲ್ಲಿ ಗೋಧಿ ಬ್ರೆಡ್ ಇದೆಯೇ ಎಂದು ಕೇಳಿದರೆ ಗೋಧಿ ಹಿಟ್ಟಿನ ಅಂಗಡಿಯ ದಾರಿ ತೋರಿಸಿದರು. ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ತರಬೇತಿ ಇದ್ದಾಗ ಮಾತ್ರ ದೇವರು ಕಣ್ಣು ಬಿಟ್ಟ. ಅಲ್ಲೊಂದು ಸಣ್ಣ ಬೇಕರಿಯಲ್ಲಿ ಬರೀ ಗೋಧಿಯ ಬ್ರೆಡ್ ಸಿಕ್ಕಿತು. ಮೂಸಿ ನೋಡಿದರೆ ಹೊಸ ಹಿಟ್ಟಿನ ಪರಿಮಳ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಬೇಕಿತ್ತು, ಮತ್ತು ಅಂದು ಅಲ್ಲಿ ಸಂತೆ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಬ್ರೆಡ್ಡನ್ನು ಮೇಲಿನ ಕಂಬಿಗಳ ಮೇಲಿಟ್ಟೆ. ಹಿಂದೆಯೇ ಹತ್ತಿದ ಹಿರಿಯರೊಬ್ಬರು ತೊಗರಿ ಚೀಲವನ್ನು ಎತ್ತಿ ಅದೇ ಜಾಗಕ್ಕೆ ತಳ್ಳತೊಡಗಿದರು.

“ಯಜಮಾನ್ರ, ಅಲ್ಲಿ ನನ್ನ ಬ್ರೆಡ್ ಐತ್ರಿ!” ಎಂದು ಕೂಗಿದೆ.

“ಇರಲಿ ಬಿಡ್ರಿ, ನಾವೇನ್ ತಿನ್ನೂದಿಲ್ಲ,” ಎಂದು ಅವರು ಚೀಲವನ್ನು ಇನ್ನಷ್ಟು ಒಳಗೆ ನೂಕಿದರು.

ಸಿಂದಗಿಯಲ್ಲಿ ಪೊಟ್ಟಣ ಬಿಚ್ಚಿದ ಶಾಂತಾ, “ಚಪಾತಿ ತಂದೀರೇನ್ರಿ?” ಎಂದಳು. ಮುಂದಿನ ವಾರ ಅದಕ್ಕಾಗಿಯೇ ಮತ್ತೆ ಬಾಗೇವಾಡಿಗೆ ಹೋದೆ. ಅದು ಯಾರೋ ಹೇಳಿ ಮಾಡಿಸಿದ್ದರಲ್ಲಿ ಉಳಿದ ಬ್ರೆಡ್ಡಂತೆ. ಈಗ ಮಾಡುವುದಿಲ್ಲವಂತೆ.

ಕೊನೆಯ ಆಸೆಯೆಂದು ಇಂಡಿ ಪಟ್ಟಣದ ರಾಜೇಸಾಬನ ಬಳಿ ಹೋದೆ. ನಲವತ್ತು ವರ್ಷ ಭಟ್ಟಿಯ ಮುಂದೆ ಕಳೆದ ಬೇಕರಿಯವನು ಆತ, ಅವನ ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ನಾನು ಬರಿಗೈಯಲ್ಲಿ ಹೋಗಿರಲಿಲ್ಲ, ಚೀಲದ ತುಂಬ ಬಿಳಿ ಜೋಳದ ಹಿಟ್ಟು ಒಯ್ದಿದ್ದೆ. ನಮ್ಮ ಭೂಮಿಯ ಜೋಳ, ನಮ್ಮ ನಾಲಿಗೆಯ ರುಚಿ, ಅದರಲ್ಲೇ ಬ್ರೆಡ್ ಏಕಾಗಬಾರದು ಎಂದು ಅವನೆದುರು ಚಿಕ್ಕ ಭಾಷಣ ಮಾಡಿದೆ. ಆತ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, “ಸರ್ರ, ಮೈದಾ ಹಿಗ್ಗತೈತಿ. ಜ್ವಾಳ ಹಿಗ್ಗೂದಿಲ್ಲ, ಬಿರೀತೈತಿ,” ಎಂದ. ಹಿಟ್ಟಿನ ಅಂಟು ಗಾಳಿಯನ್ನು ಹಿಡಿದಿಟ್ಟರೆ ಮಾತ್ರ ಬ್ರೆಡ್ ಉಬ್ಬುತ್ತದೆ, ಜೋಳದಲ್ಲಿ ಆ ಅಂಟಿಲ್ಲ ಎಂದು ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಹೇಳುವವನು ನಾನೇ. ಆದರೂ “ನೋಡೂಣು ಹಾಕ್ರಿ,” ಎಂದೆ. ಭಟ್ಟಿಯಿಂದ ಹೊರಬಂದದ್ದನ್ನು ಆತ ಹಲಗೆಯ ಮೇಲೆ ಇಟ್ಟಾಗ ಠಣ್ ಎಂದು ಸದ್ದಾಯಿತು. ಕತ್ತರಿಸಲು ಹೋದ ಚಾಕು ಬಾಗಿತು.

ರಾಜೇಸಾಬನಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಐತವಾರ ಬರ್ರಿ, ನಾ ನೋಡ್ತೇನಿ,” ಎಂದ. ಭಾನುವಾರ ಹೋದರೆ ಗೋಧಿಗೆ ಒಂದಿಷ್ಟು ಜೋಳ ಬೆರೆಸಿ, ಅಗಸೆ ಬೀಜ, ಎಳ್ಳು ಉದುರಿಸಿ ಬ್ರೆಡ್ ಮಾಡಿಟ್ಟಿದ್ದ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ತೊಗರಿ ಚೀಲವೂ ಹತ್ತಿರ ಸುಳಿಯದಂತೆ ಕಾವಲು ಕಾಯುತ್ತ ಸಿಂದಗಿಗೆ ತಂದೆ. ಶಾಂತಾ ಒಂದು ತುಂಡು ತಿಂದಳು, ಇನ್ನೊಂದು ತಾನಾಗಿಯೇ ತೆಗೆದುಕೊಂಡಳು. “ಚಲೋ ಆಗೈತ್ರಿ,” ಎಂದಳು. ಒಂದು ತಿಂಗಳು ಅಲೆದದ್ದು ಸಾರ್ಥಕವಾಯಿತೆಂದು ಕೂಡಲೇ ರಾಜೇಸಾಬನಿಗೆ ಫೋನ್ ಮಾಡಿ, ವಾರಕ್ಕೆರಡು ಬೇಕು ಎಂದೆ.

“ಎರಡಕ್ಕ ಭಟ್ಟಿ ಹೊತ್ತಸಾಕ ಆಗೂದಿಲ್ರಿ ಸರ್ರ. ಒಮ್ಮಿಗೆ ಎರಡು ಡಜನ್ ಒಯ್ಯೂದಾದ್ರ ಹೇಳ್ರಿ. ಇದನ್ನ ಬ್ಯಾರೆ ಯಾರೂ ಕೇಳೂದಿಲ್ಲ,” ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿದ್ದು. ಯಾರಾದರೂ ಮೋಸ ಮಾಡಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಮರುದಿನ ಬೆಳಿಗ್ಗೆ ದಿನನಿತ್ಯದ ಒಂದು ತಾಸಿನ ವಾಕಿಂಗ್ ಹೋಗಲೂ ಮನಸ್ಸಾಗಲಿಲ್ಲ. ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದೆ. ಅಡುಗೆಮನೆಯಿಂದ ಸದ್ದು ಬರುತ್ತಿತ್ತು. ಬಗ್ಗಿ ನೋಡಿದೆ. ಪಟ್ಟಿ ಸುತ್ತಿದ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಶಾಂತಾ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ಬಡಿಯುವುದು, ನಿಲ್ಲುವುದು, ಭುಜದಿಂದ ಬೆವರು ಒರೆಸಿಕೊಳ್ಳುವುದು, ಮತ್ತೆ ನಾಲ್ಕು.

“ಯಾವಾಗಿಂದ ಇದು?” ಎಂದೆ.

“ಮೂರನೇ ದಿನದಿಂದ,” ಎಂದಳು, ತಿರುಗಿ ನೋಡದೆ. “ನೀವು ಅರ್ಧ ಬಿಟ್ಟು ಏಳ್ತಿದ್ರಲ್ಲ.”

“ನನಗ ಹೇಳಬಾರದಾ?”

ಆಗ ಅವಳು ತಿರುಗಿದಳು. ಸಿಟ್ಟೇನೂ ಇರಲಿಲ್ಲ, ಬರೀ ದಣಿವು. “ನನ್ನ ಕೈ ಸಲುವಾಗಿ ನಾಲ್ಕು ತಾಲೂಕು ತಿರುಗಿದ್ರಿ. ಇಲ್ಲ ಅನ್ನೂದಿಲ್ಲ. ಅಡಗಿಮನಿ ಎಷ್ಟ ದೂರ ಇತ್ರಿ?”

ರೊಟ್ಟಿ ಬಡಿಯಲು ಕಲಿಯಬಹುದು ಎಂಬುದು ಅಷ್ಟು ದಿನಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಹೊಳೆಯದಿರಲಿ ಎಂದೇ ಅಷ್ಟು ದೂರ ಅಲೆದೆನೋ ಏನೋ. ಅವಳನ್ನು ಎಬ್ಬಿಸಿ ನಾನು ಕುಳಿತೆ. ಬಿಸಿನೀರಿನ ಹಿಟ್ಟಿಗೆ ಕೈ ಹಾಕಿ ಸುಟ್ಟುಕೊಂಡೆ. ಮೊದಲನೆಯ ರೊಟ್ಟಿ ಹರಿದು ಮೂರಾಯಿತು, ಎರಡನೆಯದು ಕೈಗೆ ಅಂಟಿ ಮೇಲೆದ್ದು ಬಂತು. ಐದನೆಯದು ಹೇಗೋ ಇಡಿಯಾಗಿ ಹಂಚು ಸೇರಿತು. ಹರಿಯಬಾರದೆಂಬ ಭಯಕ್ಕೆ ಮುಂದಿನವನ್ನು ತೆಳ್ಳಗೆ ಮಾಡುವ ಸಾಹಸಕ್ಕೇ ಹೋಗಲಿಲ್ಲ. ಎಂಟರ ಬಸ್ ತಪ್ಪೀತೆಂದು ಶಾಂತಾ ಇದ್ದದ್ದನ್ನೇ ಡಬ್ಬಿಗೆ ಹಾಕಿಕೊಂಡು ಓಡಿದಳು.

ನನ್ನ ಬೆರಳು ಊದಿದ್ದವು, ಸೊಂಟ ಹಿಡಿದಿತ್ತು. ಆದರೂ ಶಾಲೆಯಲ್ಲಿ ಇಡೀ ದಿನ ದೊಡ್ಡ ತ್ಯಾಗಿಯ ಠೀವಿಯಲ್ಲಿ ಓಡಾಡಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳಿಗೆ ಫೋನ್ ಹಚ್ಚಿ, “ಹೆಂಗಾಗಿದ್ದುವು?” ಎಂದು ಕೇಳಿದೆ. ಹೊಗಳಿಕೆ ತಡೆದುಕೊಳ್ಳಲು ಒಂದು ಗೋಡೆಗೂ ಒರಗಿದ್ದೆ.

“ಹೆಂಗೋ ಬಾಯಾಗ ಹೋದುವು,” ಎಂದಳು. ಹಿನ್ನೆಲೆಯಲ್ಲಿ ಬೇರೆ ಶಿಕ್ಷಕಿಯರ ನಗು ಕೇಳುತ್ತಿತ್ತು. “ನಮ್ಮ ಸಾಲಿ ಅಕ್ಕೋರೆಲ್ಲ ಕೈಯಾಗ ಹಿಡದು ನೋಡಿದ್ರು. ಇಷ್ಟ ದಪ್ಪ ಬ್ರೆಡ್ ಎಲ್ಲಿ ಸಿಕ್ತು ಅಂತ ಕೇಳಿದ್ರು.”

“ನೀ ಏನಂದಿ?”

“ನಮ್ಮ ಮನಿಯವರು ತಂದಾರ ಅಂದೆ. ಊರೂರು ತಿರುಗಿದ್ದು ಎಲ್ಲಾರಿಗೂ ಗೊತ್ತಲ್ರಿ, ನಂಬಿದ್ರು.”