ಮೊಮ್ಮಗನ ಬಿಸಿನೀರಿನ ಖಾತೆ

ಬಾಣಂತನದ ಎಲ್ಲ ಖಾತೆಗಳನ್ನೂ ತಾನೇ ಇಟ್ಟುಕೊಂಡ ನನ್ನ ಹೆಂಡತಿ ಜಯಮ್ಮ, ನನಗೆ ಬಿಸಿನೀರಿನ ಖಾತೆಯೊಂದನ್ನು ಮಾತ್ರ ದಯಪಾಲಿಸಿದ್ದಳು. ಮಗಳು ಸವಿತ ಆಸ್ಪತ್ರೆಯಿಂದ ಕೂಸಿನೊಂದಿಗೆ ಹೊಣಕೆರೆಯ ನಮ್ಮ ಮನೆಗೆ ಬಂದ ಕೂಡಲೇ ಇಬ್ಬರಿಗೂ ನೀರು ಹಾಕಬೇಕು. ಇಷ್ಟೇ! ಕಂಡಕ್ಟರಾಗಿ ಬೆಳ್ಳೂರಿನ ಬಸ್ಸಿನ ರಶ್ಶನ್ನೇ ಸಂಭಾಳಿಸಿ ರಿಟೈರಾದವನಿಗೆ ಒಂದು ನಲ್ಲಿ ಯಾವ ಲೆಕ್ಕ?

ಕೂಸಿಗೆ ಸುಡದಿರಲಿ ಎಂದು ಸೋಲಾರ್ ಟ್ಯಾಂಕಿನ ಹೀಟರನ್ನು ಮೊದಲೇ ಉಗುರುಬೆಚ್ಚಗೆ ತಿರುಗಿಸಿಟ್ಟಿದ್ದೆ. ಬರುವ ಹಿಂದಿನ ದಿನ ಸವಿತ ಫೋನ್ ಮಾಡಿದಳು.

“ಅಪ್ಪ, ಮೇಲಿನ ಬಚ್ಚಲು ನನ್ ಮದ್ವೆ ಆದಾಗಿಂದ ಮುಚ್ಚೈತಲ್ಲ, ಪೈಪಲ್ಲಿ ನಿಂತ ನೀರಲ್ಲಿ ಕ್ರಿಮಿ ಬೆಳೀತವಂತೆ. ಉಗುರುಬೆಚ್ಚಗಿದ್ರಂತೂ ಅವಕ್ಕೆ ಹಬ್ಬ. ಶವರಿನ ತುಂತುರು ಉಸ್ರಲ್ಲಿ ಒಳಕ್ಕೋದ್ರೆ ನ್ಯುಮೋನಿಯಾ ಆಗ್ಬೋದು ಅಂದ್ರು ಡಾಕ್ಟ್ರು. ಟ್ಯಾಂಕ್ ನೀರು ಅರವತ್ತು ಡಿಗ್ರಿ ಕಾಯ್ಸು. ಆಮೇಲೆ ನಲ್ಲಿ ಒಂದೊಂದಾಗಿ ಬುಟ್ಟು ಸೊಲ್ಪ ಹೊತ್ತು ಹರ್ಸು. ಉಷಾರು, ಸುಡ್ತದೆ!”

ಇಷ್ಟು ದಿನ ನಾನು ಮಾಡಿದ್ದು ಕ್ರಿಮಿಗಳ ಬಾಣಂತನ! ಒಂದೇ ಒಂದು ಕ್ರಿಮಿಯೂ ಈ ಮನೆಯಲ್ಲಿ ಉಳಿಯಬಾರದು ಎಂದು ಅಲ್ಲೇ ಶಪಥ ಮಾಡಿದೆ.

ಬೆಳಿಗ್ಗೆ ಹೀಟರನ್ನು ಕೊನೆಯವರೆಗೂ ತಿರುಗಿಸಿ, ನೀರು ಕಾದ ಮೇಲೆ ಮೂಗಿಗೆ ಟವೆಲ್ ಕಟ್ಟಿ, ಮನೆಯ ಎಲ್ಲ ನಲ್ಲಿಗಳನ್ನೂ ಒಟ್ಟಿಗೇ ಬಿಟ್ಟೆ. “ಇಳೀರಿ, ಇಳೀರಿ! ಕೊನೇ ಸ್ಟಾಪು!” ಎಂದು ಕೂಗಿದ್ದೂ ಉಂಟು. ಬಿಸಿ ಸಾಕೋ ಇಲ್ಲವೋ ಎಂದು ಶವರಿಗೆ ಅಂಗೈ ಒಡ್ಡಿದೆ. ಸಾಕಿತ್ತು! ನನ್ನ ಕಿರುಚಾಟಕ್ಕೆ ಪಕ್ಕದ ಮನೆಯ ಹಸು ಕೊಟ್ಟಿಗೆಯಲ್ಲಿ ಎದ್ದು ನಿಂತಿತು.

“ಸಾಕು ಬುಡ್ರೀ, ಬಿಸಿನೀರು ಬಂತಲ್ಲ!” ಜಯಮ್ಮ ಕೆಳಗಿನಿಂದ ಕೂಗಿದಳು.

“ನೀನ್ ಸುಮ್ಕಿರು. ಒಂದೆರಡು ಅವಿತ್ಕಂಡಿರ್ತವೆ!”

ಟಿಕೆಟ್ ಇಲ್ಲದೆ ಅವಿತು ಕೂರುವವರ ಬುದ್ಧಿ ಕಂಡಕ್ಟರಿಗೆ ಗೊತ್ತಿಲ್ಲವೇ? ಹರಿಸಿದೆ. ಇನ್ನೂ ಹರಿಸಿದೆ. ಕೊನೆಗೆ ನಲ್ಲಿಗಳೆಲ್ಲ ಗೊರಗೊರ ಅಂದವು. ಮಾಳಿಗೆಯ ಟ್ಯಾಂಕೇ ಖಾಲಿ! ಮೋಟರ್ ಹಾಕಲು ಓಡಿದೆ. ಕರೆಂಟು ಹೋಗಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರಿನ ಹಾರನ್ನು.

ಮನೆಯಲ್ಲಿ ಕ್ರಿಮಿ ಇರಲಿಲ್ಲ, ನಿಜ. ನೀರೂ ಇರಲಿಲ್ಲ.

“ಜಯಾ, ಏನೇ ಮಾಡದು ಈಗ?” ನನ್ನ ದನಿ ಅಳುವಂತಾಗಿತ್ತು.

“ಹಿತ್ಲಲ್ಲಿ ಅಂಡೆ ತುಂಬ ನೀರು ಕುದೀತಾ ಐತೆ, ತಣ್ಣೀರು ಡ್ರಮ್ಮಲ್ಲೈತೆ. ನೀವು ಮೂಗಿಗೆ ಟವಲ್ ಕಟ್ಕಂಡಾಗ್ಲೇ ತುಂಬ್ಸಿಟ್ಟೆ ಕಣ್ರೀ!”

ಕುದಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಅವಳು ಮೊದಲು ಮಗಳಿಗೆ ನೀರು ಹಾಕಿದಳು. ಅಷ್ಟು ಹೊತ್ತು ಕೂಸನ್ನು ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಬೊಬ್ಬೆ ಎದ್ದ ಅಂಗೈ ತಾಗದಂತೆ ತೊಡೆಯ ಮೇಲೆ ಮಲಗಿಸಿಕೊಂಡೆ. ಪುಟ್ಟ ಎದೆಯಲ್ಲಿ ಉಸಿರು ಸಲೀಸಾಗಿ ಆಡುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

“ನಿನ್ ತಾತನ ಖಾತೆ ಹೋಯ್ತು ಕಣ್ಲಾ,” ಎಂದೆ.

ಅವನು ಮುಖ ಕಿವುಚಿ, ನನ್ನ ಪಂಚೆಯ ಮೇಲೆ ಧಾರಾಳವಾಗಿ ಬಿಟ್ಟ. ಆವತ್ತು ನನ್ನ ಪಾಲಿಗೆ ಹದವಾಗಿ ಬಂದ ಬಿಸಿನೀರು ಅದೊಂದೇ! ತೊಳೆದುಕೊಳ್ಳೋಣವೆಂದು ಎದ್ದು ನಲ್ಲಿ ತಿರುಗಿಸಿದೆ.

ಗೊರಗೊರ ಅಂತು.