ಸದ್ದಿಲ್ಲದ ಡ್ರಮ್ಮು

ಶನಿವಾರ ಬೆಳಿಗ್ಗೆ ಮಿಸೆಸ್ ಝಬೆಕ್ ಅವರ ಕಪಾಟಿನ ಮೇಲಿದ್ದ ಪಿಂಗಾಣಿ ಬಾತುಕೋಳಿ ಕೆಳಗೆ ಬಿದ್ದು ಕತ್ತು ಮುರಿದುಕೊಂಡಿತು. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ರಸೆಲ್ ಪೆಲ್ಕಿ ಡ್ರಮ್ ಬಾರಿಸುತ್ತಿದ್ದ. ಬಾತುಕೋಳಿಯ ಸಾವಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ವೂಸ್ಟರ್ ಊರಿನ ಆ ಮೂರಂತಸ್ತಿನ ಮರದ ಮನೆಗೆ ಮಿಸೆಸ್ ಝಬೆಕ್ ಒಡತಿ. ಅವರ ವಾಸ ಕೆಳಗೆ. ನಡುವಿನ ಮಹಡಿಯ ರಸೆಲ್ ವಾರವೆಲ್ಲ ಶಾಲೆಯ ಬಸ್ ಓಡಿಸುತ್ತಿದ್ದ, ರಜೆಯಲ್ಲಿ ಮದುವೆಗಳಿಗೆ ಡ್ರಮ್ ಬಾರಿಸುತ್ತಿದ್ದ. ಅವನ ತಲೆಯ ಮೇಲೆ ವಾಲ್ಟ್ ಗ್ರೆನಿಯರ್ ಎಂಬ ನಿವೃತ್ತ ಪ್ಲಂಬರ್.

"ನೋಡಪ್ಪಾ ರಸೆಲ್," ಬಾತುಕೋಳಿಯ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ ಮಿಸೆಸ್ ಝಬೆಕ್ ಹೇಳಿದರು, "ಇದು ನಮ್ಮಮ್ಮ ಕೊಟ್ಟಿದ್ದು. ಸಂಜೆ ಆರಕ್ಕೆ ಬರ್ತೀನಿ. ಅಷ್ಟರಲ್ಲಿ ಆ ಡ್ರಮ್ಮಿನ ಬಾಯಿ ಮುಚ್ಚಿಸಿರ್ಬೇಕು. ಇಲ್ಲಾಂದ್ರೆ ಅದೂ ಹೊರಗೆ, ನೀನೂ ಹೊರಗೆ."

"ಮುಂದಿನ ವಾರ ಮದುವೆ ಇದೆ ಮೇಡಂ, ಅಭ್ಯಾಸ ಮಾಡ್ದೆ ಹ್ಯಾಗೆ..."

"ಮಾಡು, ಯಾರು ಬೇಡ ಅಂದ್ರು? ನಂಗೆ ಕೇಳಿಸದ ಹಾಗೆ ಮಾಡು."

ರಸೆಲ್‌ಗೆ ಒಂದೇ ದಾರಿ ಕಂಡಿತು. ಪ್ಲೈವುಡ್ಡಿಗೆ ರಬ್ಬರ್ ಹೊದಿಸಿ, ಅಡಿಯಲ್ಲೊಂದು ಪೀಜೋ ಬಿಲ್ಲೆ ಅಂಟಿಸುವುದು. ಮೇಲೆ ಕೋಲು ಬಿದ್ದರೆ ಬಿಲ್ಲೆ ನಡುಗುತ್ತದೆ, ಆ ನಡುಕವೇ ಕರೆಂಟಾಗಿ ತಂತಿಯಲ್ಲಿ ಹರಿಯುತ್ತದೆ, ಪೆಟ್ಟಿಗೆಯೊಂದು ಅದನ್ನು ಡ್ರಮ್ಮಿನ ಸದ್ದಾಗಿಸಿ ಹೆಡ್‌ಫೋನಿಗೆ ಕಳಿಸುತ್ತದೆ. ಪೆಟ್ಟಿಗೆ ಅವನಲ್ಲಿ ಮೊದಲೇ ಇತ್ತು. ಬಿಲ್ಲೆ ತರಲು ಹೊರಟಾಗ ಮೆಟ್ಟಿಲಲ್ಲಿ ವಾಲ್ಟ್ ಅಡ್ಡ ಸಿಕ್ಕ. ವಿಷಯ ಕೇಳಿ ಅವನೂ ಕಾರು ಹತ್ತಿದ.

ಅಂಗಡಿಯಲ್ಲಿ ಶರ್ಟಿನ ಗುಂಡಿಯಷ್ಟು ಚಿಕ್ಕ ಬಿಲ್ಲೆಗಳಿದ್ದವು, ಬಿಸ್ಕತ್ತಿನಷ್ಟು ದೊಡ್ಡವೂ ಇದ್ದವು. ರಸೆಲ್ ನಡುಗಾತ್ರದ್ದಕ್ಕೆ ಕೈ ಹಾಕಿದ.

"ಏನಯ್ಯಾ, ಜಿಪುಣತನ ಮಾಡ್ತೀಯಾ?" ವಾಲ್ಟ್ ಅವನ ಕೈ ಹಿಡಿದ. "ಕಿವಿ ದೊಡ್ಡದಿದ್ದಷ್ಟೂ ಚೆನ್ನಾಗಿ ಕೇಳ್ಸುತ್ತೆ. ಆನೇನ ನೋಡು."

ಆನೆಯ ಮಾತಿಗೆ ಸೋತು ರಸೆಲ್ ಬಿಸ್ಕತ್ತಿನಷ್ಟು ದೊಡ್ಡ ಬಿಲ್ಲೆಗಳನ್ನೇ ಅರ್ಧ ಡಜನ್ ಕೊಂಡ.

ಮನೆಗೆ ಬಂದು ಬೆಸುಗೆಗೆ ಕೂತ. ಬಿಲ್ಲೆಯ ಹಿತ್ತಾಳೆ ಅಂಚಿಗೆ ಕಪ್ಪು ತಂತಿ ಸುಲಭವಾಗಿ ಅಂಟಿತು. ನಡುವಿನ ಬಿಳಿ ಪದರಕ್ಕೆ ಕೆಂಪು ತಂತಿ ಒತ್ತಿ ಹಿಡಿದ. ಕಾವು ಹೆಚ್ಚಾಗಿ ಬಿಳಿ ಪದರ ಸುಟ್ಟ ಹಪ್ಪಳದಂತೆ ಗುಳ್ಳೆಯೆದ್ದು ಕಿತ್ತು ಬಂತು.

"ಸರಿ ಆಚೆ," ಎಂದ ವಾಲ್ಟ್. "ನಲವತ್ತು ವರ್ಷ ಬೆಸುಗೆ ಹಾಕಿದ ಕೈ ಇದು."

"ನೀವು ಹಾಕಿದ್ದು ನೀರಿನ ಪೈಪಿಗೆ ಕಣ್ರೀ!"

"ಬೆಸುಗೆ ಬೆಸುಗೇನೇ. ಪೈಪ್ ಆದ್ರೇನು, ಬಿಲ್ಲೆ ಆದ್ರೇನು?"

ವಾಲ್ಟ್ ಮೇಲೆ ಹೋಗಿ ತನ್ನ ಗ್ಯಾಸ್ ಟಾರ್ಚ್ ತಂದ. ನೀಲಿ ಜ್ವಾಲೆ ಬುಸ್ಸೆಂದಿತು. ಬಿಲ್ಲೆ ಕರ್ರಗಾಯಿತು, ತಂತಿ ಕರಗಿತು, ಮೇಜುಬಟ್ಟೆ ಹೊಗೆಯಾಡಿತು, ಛಾವಣಿಯ ಹೊಗೆ ಅಲಾರಂ ಹೆತ್ತ ತಾಯಿಯನ್ನು ಕಳೆದುಕೊಂಡಂತೆ ಅರಚತೊಡಗಿತು. ಕೆಳಗಿನಿಂದ ಪೊರಕೆಯ ಹಿಡಿ ನೆಲಕ್ಕೆ ಗುದ್ದಿತು.

"ರಸೆಲ್! ಇದೇನಾ ನಿನ್ನ ಸದ್ದಿಲ್ಲದ ಡ್ರಮ್ಮು?"

ಟಾರ್ಚಿನ ಸಮೇತ ವಾಲ್ಟ್‌ನನ್ನು ಉಪಾಯವಾಗಿ ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ರಸೆಲ್ ಮತ್ತೆ ಶುರು ಮಾಡಿದ. ಈ ಸಲ ಬಿಳಿ ಪದರವನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿದ. ತಂತಿಯ ತುದಿಗೆ ಮೊದಲೇ ಸೀಸ ಸವರಿಕೊಂಡ. ಉಸಿರು ಬಿಗಿಹಿಡಿದು ಮುಟ್ಟಿದ, ಕಣ್ಣು ಮಿಟುಕಿಸುವುದರೊಳಗೆ ಎತ್ತಿದ. ಅಂಟಿತು! ಮಣಿಯಂತೆ ಹೊಳೆಯುವ ಆ ಸೀಸದ ಹನಿಯನ್ನು ನೋಡಿ, ಮೊದಲ ಮಗುವಿನ ಮುಖ ಕಂಡ ತಂದೆಯಂತೆ ಅವನ ಕಣ್ಣು ತುಂಬಿತು. ಉಳಿದವೂ ಒಂದೊಂದಾಗಿ ಕೂತವು.

ಬಿಲ್ಲೆ ಅಂಟಿಸಿದ ರಬ್ಬರ್ ಪ್ಯಾಡುಗಳನ್ನು ಸ್ಟ್ಯಾಂಡಿಗೆ ಕೂರಿಸಿ, ನೆಲದ ನಡುಕ ತಾಗದಿರಲೆಂದು ಅದರ ಕೆಳಗೆ ಅವನು ಸ್ಪಂಜು ಹಾಸಲು ಹೋದಾಗ ವಾಲ್ಟ್ ಕಾಫಿ ಬಟ್ಟಲು ಕೆಳಗಿಟ್ಟ. "ಸ್ಪಂಜಾ? ಅಲ್ಲಾಡಿದ್ರೆ ಬೆಸುಗೆ ಬಿಟ್ಕೊಳ್ಳುತ್ತೆ. ನೆಲಕ್ಕೇ ಸ್ಕ್ರೂ ಹಾಕ್ತೀನಿ, ತಡಿ." ಬೇಡವೆನ್ನುವಷ್ಟರಲ್ಲಿ ಹಾಕಿಯೂ ಬಿಟ್ಟ. ಆಮೇಲೆ ಸೊಂಟ ಹಿಡಿದುಕೊಂಡು ತನ್ನ ಮನೆಗೆ ಹತ್ತಿ ಹೋದ.

ಆರಕ್ಕೆ ಸರಿಯಾಗಿ ಮಿಸೆಸ್ ಝಬೆಕ್ ಬಂದರು. ರಸೆಲ್ ಹೆಡ್‌ಫೋನ್ ಧರಿಸಿ, ಮದುವೆಯಲ್ಲಿ ಬಾರಿಸಬೇಕಿದ್ದ ಪೋಲ್ಕಾ ಕುಣಿತದ ತಾಳವನ್ನು ಬಾರಿಸಿದ. ಕೋಣೆಯಲ್ಲಿ ಬೆರಳಿನಿಂದ ಮೇಜು ತಟ್ಟಿದಷ್ಟೇ ಸದ್ದು. ಅವರು ಕೆಳಗೆ ಹೋಗಿ ಕೇಳಿ ಬಂದರು. ಹುಳುಕು ಸಿಗಲಿಲ್ಲ.

"ಅದನ್ನ ಕೊಡಿಲ್ಲಿ, ನೋಡೋಣ." ಹೆಡ್‌ಫೋನ್ ಕಿವಿಗೇರಿಸಿ ರಸೆಲ್‌ನ ಸ್ಟೂಲಿನ ಮೇಲೆ ಕೂತರು. ತುಸು ಹೊತ್ತಿಗೆ ಹುಬ್ಬು ಗಂಟಾಯಿತು. "ಬಾರಿಸ್ತಿದೀಯಾ?"

"ಇಲ್ವಲ್ಲ ಮೇಡಂ. ಕೋಲು ಕೆಳಗಿಟ್ಟಿದೀನಿ."

"ಮತ್ತೆ ಧಮ್ ಧಮ್ ಅಂತಿದೆ?"

ರಸೆಲ್‌ಗೆ ಆಗ ಹೊಳೆಯಿತು. ಅಷ್ಟು ದೊಡ್ಡ ಬಿಲ್ಲೆಗಳು ನೆಲಕ್ಕೆ ಬಿಗಿದ ಸ್ಟ್ಯಾಂಡಿನ ಮೂಲಕ ಇಡೀ ಮನೆಯ ನಡುಕವನ್ನು ಹೀರುತ್ತಿದ್ದವು. "ಅದು... ಮೇಲಿನ ಮನೇಲಿ ವಾಲ್ಟ್ ಓಡಾಡ್ತಿದಾರೆ. ಈಗ್ಲೇ ಸ್ಕ್ರೂ ಬಿಚ್ಚಿ ಸರಿ ಮಾಡ್ತೀನಿ, ಒಂದೇ ಒಂದು ಅವಕಾಶ ಕೊಡಿ!"

"ಮುಟ್ಬೇಡ!"

ಮಿಸೆಸ್ ಝಬೆಕ್ ಬೆರಳೆತ್ತಿ ಕಣ್ಣು ಮುಚ್ಚಿದರು. ಮುಖದಲ್ಲಿ ನಿಧಾನವಾಗಿ ಬೆಳಕು ಹರಡಿತು. "ಅಡುಗೆಮನೆಗೆ ಹೋದ... ಫ್ರಿಜ್ ಬಾಗಿಲು ತೆಗೆದ. ಸಕ್ಕರೆ ಕಾಯಿಲೆ ಮನುಷ್ಯ, ಏನ್ ತಿಂತಾನೋ! ಓಹೋ, ಮತ್ತೊಂದು ಹೆಜ್ಜೆ! ಹಗುರವಾಗಿದೆ. ಹೆಂಗಸಿದು. ಯಾರಪ್ಪಾ ಇವಳು?"

"ಹಾಗಾದ್ರೆ ಡ್ರಮ್ಮು ಇಲ್ಲೇ ಇರಬಹುದಾ ಮೇಡಂ?"

"ಇರಬಹುದಾ ಅಂತ ಕೇಳ್ತೀಯಲ್ಲ! ಇದನ್ನ ಆಚೆ ಹಾಕಿದ್ರೆ ನಿನ್ನೂ ಆಚೆ ಹಾಕ್ತೀನಿ. ದಿನಾ ಊಟ ಆದ್ಮೇಲೆ ಬರ್ತೀನಿ ಕಣಪ್ಪಾ."

ಗೆದ್ದೆನೆಂದು ಹಿಗ್ಗಿದ ರಸೆಲ್ ಕೋಲು ಎತ್ತಿಕೊಂಡ. ಅವರು ಕಣ್ಣು ತೆರೆಯದೆಯೇ ಅದನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡರು. ಏಳು ಹೊಡೆಯಿತು, ಎಂಟೂ ಹೊಡೆಯಿತು. ಮದುವೆಯ ಪೋಲ್ಕಾ ಮರೆತುಹೋದೀತೆಂದು ರಸೆಲ್ ಹಾಸಿಗೆಯ ಅಂಚಿನಲ್ಲಿ ಕೂತು ಮೆಲ್ಲಗೆ ತೊಡೆಯ ಮೇಲೆ ತಾಳ ಹಾಕತೊಡಗಿದ.

"ಶ್ಶ್!" ಮಿಸೆಸ್ ಝಬೆಕ್ ತಿರುಗಿ ದುರುಗುಟ್ಟಿದರು. "ಸ್ವಲ್ಪ ಸುಮ್ನಿರ್ತೀಯಾ? ಏನೂ ಕೇಳಿಸ್ತಿಲ್ಲ!"